ಅರಗೋ, ಪೇಂಟೋ

“ಹತ್ತಿ ಕೆಂಪಾಯ್ತು! ಲೋಕೇಶಣ್ಣ ಸೋತ್ರು!” ಎಂದು ಕೂಗುತ್ತಾ ನಿಖಾತ್ ಕಳಿಸಿದ ವಿಡಿಯೋ ‘ಹಳೇ ಬೊಂಬೆ ಬಳಗ’ದ ವಾಟ್ಸಾಪ್ ಗುಂಪಿಗೆ ಬಂದು ಬಿದ್ದಾಗ, ಕೂಟಗಲ್ಲಿನ ಲೋಕೇಶ ಬಾಯಿಗಿಟ್ಟ ಮುದ್ದೆ ನುಂಗುವುದನ್ನೂ ಮರೆತು ನಕ್ಕುಬಿಟ್ಟ. ಮೂರು ದಿನದಿಂದ ಗುಂಪಿನಲ್ಲಿ ಇದೊಂದೇ ಜಗಳ. ಚನ್ನಪಟ್ಟಣದ ನಿಖಾತ್ ತನ್ನ ಮನೆಯ ಲಂಗ ತೊಟ್ಟ ಹಳೆಯ ಮರದ ಬೊಂಬೆಯ ಫೋಟೋ ಹಾಕಿ, ಇದಕ್ಕೆ ಹಚ್ಚಿರುವುದು ಅಪ್ಪಟ ಅರಗಿನ ಬಣ್ಣ ಎಂದಿದ್ದಳು. ಹಳೇ ಬೊಂಬೆಗಳ ವಿಷಯದಲ್ಲಿ ಗುಂಪಿಗೆಲ್ಲ ತಾನೇ ಗುರು ಎಂದುಕೊಂಡಿದ್ದ ಲೋಕೇಶ, ಅಲ್ಲವೇ ಅಲ್ಲ, ಅಂಗಡಿ ಪೇಂಟು ಎಂದು ಪಟ್ಟು ಹಿಡಿದಿದ್ದ.

“ತಳ ನೋಡವ್ವ, ಬಣ್ಣ ಸೋರಿ ಗಡ್ಡೆ ಕಟ್ಟೈತೆ. ಅರಗಿನ ಕೆಲ್ಸ ಬಲ್ಲೋನು ಹಿಂಗೆ ಬುಡ್ತಾನಾ? ಆ ಗಡ್ಡೆ ಮೇಲೇ ಸ್ಯಾನಿಟೈಸರ್ ಹಾಕಿ ಒರ್ಸು. ಅರಗಾದ್ರೆ ಕರಗ್ತದೆ, ಪೇಂಟಾದ್ರೆ ಜಪ್ಪಯ್ಯ ಅಂದ್ರೂ ಬುಡಾಕಿಲ್ಲ. ತಳ ತಾನೆ, ಯಾರಿಗೂ ಕಾಣಾಕಿಲ್ಲ” ಎಂದು ದನಿ ಸಂದೇಶ ಕಳಿಸಿದ್ದ. ಸೋತರೆ ತೋಟದ ಮಾವಿನಹಣ್ಣು ಹೊತ್ತುಕೊಂಡು ಮನೆಗೇ ಬಂದು ತಪ್ಪಾಯ್ತು ಅನ್ನುತ್ತೇನೆ ಎಂಬ ಪಂಥವೂ ಅದರ ಬಾಲಕ್ಕಿತ್ತು.

ಈಗ ವಿಡಿಯೋ ನೋಡಿದ ಕಲ್ಯದ ಬೋರಲಿಂಗಯ್ಯನವರು ಬಿಡುತ್ತಾರೆಯೇ? “ಏನ್ಲಾ ಲೋಕೇಸ, ಆ ಸ್ಯಾನಿಟೈಸರ್ ನಿನ್ ಮಕಕ್ಕೇ ಒರ್ಸ್‌ದಂಗಾಯ್ತಲ್ಲೋ!” ಎಂದು ಕಾಲೆಳೆದರು. “ಒಂದ್ಸಲ ಸೋತ್ರೆ ಗುರು ಶಿಷ್ಯ ಆಗೋಯ್ತಾನಾ, ಬುಡಣ್ಣ” ಎಂದ ಲೋಕೇಶ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಾತ್ರ ಮಣ್ಣಾಗಲಿಲ್ಲ. ಗುಂಪಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ತಪ್ಪಾಯ್ತು ಅನ್ನುವ ಫೋಟೋ ಬರಲೇಬೇಕು ಎಂದು ತಾಕೀತನ್ನೂ ಮಾಡಿದರು.

ಭಾನುವಾರ ಇಸ್ತ್ರಿ ಶರ್ಟು ತೊಟ್ಟು, ಒಂದು ಚೀಲ ಬಾದಾಮಿ ಮಾವು ಬೈಕಿಗೆ ಸಿಕ್ಕಿಸಿಕೊಂಡು ಲೋಕೇಶ ಹೊರಟ. ಕೆಂಗಲ್ಲಿನ ಹನುಮಂತರಾಯನಿಗೆ ಬೈಕಿನ ಮೇಲಿಂದಲೇ ಎದೆ ಮುಟ್ಟಿಕೊಂಡು ನಮಸ್ಕಾರ ಹೇಳಿದ. ಎಷ್ಟು ಬಗ್ಗಿ ತಪ್ಪಾಯ್ತು ಅಂದರೆ ಫೋಟೋ ಚೆನ್ನಾಗಿ ಬಂದೀತು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ.

ಬಾಗಿಲು ತೆಗೆದ ನಿಖಾತ್ ನಗಲಿಲ್ಲ. “ಬನ್ನಿ ಅಣ್ಣ” ಎಂದವಳು ದನಿ ತಗ್ಗಿಸಿದಳು. “ಫೋಟೋ ಗೀಟೋ ಬೇಡಿ. ನಮ್ ದಾದಿಮಾಗೆ ನಿನ್ನೆ ಗೊತ್ತಾಗೋಯ್ತು.”

ಒಳಗೆ ಮಂಚದ ಮೇಲೆ ಅವಳ ಅಜ್ಜಿ ಅಕ್ಬರಿ ಬೇಗಂ ಕೂತಿದ್ದರು. ಕಣ್ಣು ಕಾಣದಾಗಿ ವರ್ಷಗಳಾಗಿದ್ದವು. ಬೊಂಬೆಯನ್ನು ಮಡಿಲಲ್ಲಿ ತಲೆಕೆಳಗಾಗಿ ಹಿಡಿದಿದ್ದರು. ಅವರ ಹೆಬ್ಬೆರಳು ಅದರ ತಳದ ಮೇಲೆ ಸುತ್ತುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಸುತ್ತುತ್ತಿತ್ತು.

“ಅದು ಗಡ್ಡೆ ಅಲ್ಲ ಅಣ್ಣ” ಎಂದಳು ನಿಖಾತ್. “ನಮ್ ದಾದಾದು ಹೆಬ್ಬೆಟ್ಟು.”

ಬೊಂಬೆ ಕಡೆಯುತ್ತಿದ್ದ ಅವಳ ತಾತ ವಹಾಬ್ ಸಾಹೇಬರಿಗೆ ಓದು ಬರಹ ಬರುತ್ತಿರಲಿಲ್ಲವಂತೆ. ಅಂಗಡಿಗೆ ಹೋಗುವ ಬೊಂಬೆಗಳಿಗೆ ಗುರುತು ಗಿರುತು ಏನೂ ಹಾಕುತ್ತಿರಲಿಲ್ಲ. ಮದುವೆಯಾದ ವರ್ಷ ಹೆಂಡತಿಗೆಂದು ಕಡೆದ ಇದೊಂದಕ್ಕೆ ಮಾತ್ರ ತಳದಲ್ಲಿ ಒಂದಿಷ್ಟು ಬಿಸಿ ಅರಗು ಬಿಟ್ಟು, ಆರುವ ಮೊದಲು ಹೆಬ್ಬೆರಳು ಒತ್ತಿದ್ದರು. ಅದೇ ಅವರ ಸಹಿ. ಅವರು ತೀರಿಕೊಂಡು ಹನ್ನೊಂದು ವರ್ಷ. ಅಜ್ಜಿ ದಿನಾ ಬೆಳಗಿನ ನಮಾಜು ಮುಗಿಸಿ, ಆ ಗುಳಿಯಲ್ಲಿ ತಮ್ಮ ಹೆಬ್ಬೆರಳು ಕೂರಿಸಿ ಸ್ವಲ್ಪ ಹೊತ್ತು ಕೂತಿರುತ್ತಿದ್ದರು. ಯಾಕೆಂದು ನಿನ್ನೆಯವರೆಗೂ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಲೋಕೇಶನಿಗೆ ನಿಂತ ನೆಲ ಬಾಯಿ ಬಿಡಬಾರದೇ ಅನಿಸಿತು. ಇಪ್ಪತ್ತು ವರ್ಷದಿಂದ ಹಳೇ ಬೊಂಬೆ ಹುಡುಕಿಕೊಂಡು ಊರೂರು ಅಲೆದವನು, ಒಂದು ಗಡ್ಡೆಯನ್ನು ಕೈಯಲ್ಲಿ ಮುಟ್ಟಿಯೂ ನೋಡದೆ ತೀರ್ಪು ಕೊಟ್ಟಿದ್ದ. ಆ ಚಿಕ್ಕ ಹುಡುಗಿಯ ಕೈಯಿಂದಲೇ ಒರೆಸಿಸಿದ್ದ. ಕರಗಿದ ಮೇಲೆ ನಕ್ಕೂ ಇದ್ದ. ದಾರಿಯಲ್ಲಿ ಅಷ್ಟು ಸಲ ಅಭ್ಯಾಸ ಮಾಡಿಕೊಂಡು ಬಂದಿದ್ದ ‘ತಪ್ಪಾಯ್ತು’ ಈಗ ನಿಜವಾಗಿಯೇ ಬೇಕಾಗಿತ್ತು. ಮಾವಿನ ಚೀಲವನ್ನು ಎಲ್ಲಿಡಬೇಕೆಂದೂ ತೋಚದೆ ಹಿಡಿದುಕೊಂಡೇ ನಿಂತಿದ್ದ.

“ಯಾರು ಬೇಟಿ, ಗುಂಪಿನೋರಾ?” ಎಂದರು ಅಕ್ಬರಿ ಬೇಗಂ. ದನಿಯಲ್ಲಿ ಸಿಟ್ಟಿರಲಿಲ್ಲ. “ಅರಗೋ ಪೇಂಟೋ ಅಂತ ನನ್ನ ಕೇಳಿದ್ರೆ ಹೇಳ್ತಿದ್ನಲ್ಲಪ್ಪ. ತಾಳೆಗರಿ ಹಿಡಿದು ಉಜ್ಜಿ ಉಜ್ಜಿ ಇದಕ್ಕೆ ಮೆರುಗು ಕೊಟ್ಟೋಳು ನಾನೇ.”

ಹೌದಲ್ಲ, ಕೇಳಬಹುದಿತ್ತು. ಮೂರು ದಿನ ಅಷ್ಟು ಜನ ಅಷ್ಟೊಂದು ವಾದ ಮಾಡಿದರೂ ಆ ಮನೆಯಲ್ಲಿ ಹಿರಿಯರು ಯಾರಾದರೂ ಇದ್ದಾರೆಯೇ ಎಂದು ಒಬ್ಬರೂ ಕೇಳಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುವುದು ಇದಕ್ಕೇ ಇರಬೇಕು. ಲೋಕೇಶ ಚೀಲವನ್ನು ನೆಲಕ್ಕಿಟ್ಟು ಮಂಚದ ಹತ್ತಿರ ಕುಕ್ಕರಗಾಲಲ್ಲಿ ಕೂತ.

“ತಪ್ಪಾಯ್ತು ಕಣಮ್ಮ” ಎಂದ. ಅಜ್ಜಿಯ ಹೆಬ್ಬೆರಳು ಬೊಂಬೆಯ ತಳದ ಮೇಲೆ ಮತ್ತೆ ಸುತ್ತತೊಡಗಿತು. ಅದನ್ನು ನೋಡಲಾರದೆ ಅವನೇ ಗಡಬಡಿಸಿದ: “ನಂಗೆ ಒಳ್ಳೊಳ್ಳೆ ಕೆಲ್ಸಗಾರ್ರು ಗೊತ್ತವ್ರೆ. ಅದೇ ಕೆಂಪು ಅರಗು ತರ್ಸಿ, ಅಲ್ಲೇ ಹಾಕಿಸ್ಕೊಡ್ತೀನಿ. ಒಸಿನೂ ಹೆಚ್ಚುಕಮ್ಮಿ ಆಗಾಕಿಲ್ಲ, ನನ್ ಮೇಲೆ ಬುಡಿ.”

ಅಕ್ಬರಿ ಬೇಗಂ ಅವನ ದನಿ ಬಂದ ಕಡೆಗೆ ಮುಖ ತಿರುಗಿಸಿದರು.

“ಅರಗು ಹಾಕ್ಸಪ್ಪ” ಎಂದರು. “ಹೆಬ್ಬೆಟ್ಟು ಯಾರ್ದು ಒತ್ತಿಸ್ತೀಯ?”