ಅಳಿಸಿದ ನಾಲ್ಕು ಮನೆ

ಪದ್ಮಾವತಮ್ಮ ಟೀಚರ್ ಒದ್ದೆ ಬಟ್ಟೆಯಿಂದ ನೌರೀನಳ ಸ್ಲೇಟನ್ನು ಒಂದೇ ಸಲಕ್ಕೆ ಒರೆಸಿಬಿಟ್ಟರು. "ಗುಣಾಕಾರ ಮಾಡು ಅಂದ್ರೆ ಕುಂಟೆಬಿಲ್ಲೆ ಮನೆ ಬರ್ದಿದ್ದೀಯಲ್ಲಮ್ಮ!" ನಾಲ್ಕನೇ ತರಗತಿಯೆಲ್ಲ ನಕ್ಕಿತು. "ಬಿದಿರಿನ ಚಂದ್ರಿಕೆ ತಟ್ಟೇಲಿ ರೇಷ್ಮೆಗೂಡು ಎಷ್ಟಿದೆ ಅಂತ ನಮ್ ನಾನಿ ಹಿಂಗೇ ನಾಲ್ಕು ಭಾಗ ಮಾಡಿ ನೋಡ್ತಾರೆ ಟೀಚರ್," ಎಂದಳು ಹುಡುಗಿ, ಮೆಲ್ಲಗೆ.

ಟೀಚರ್ ಆಗಲೇ ಕಪ್ಪುಹಲಗೆಗೆ ತಿರುಗಿ ಅದೇ ಲೆಕ್ಕ ಬರೆದು ಮೂವತ್ನಾಲ್ಕನ್ನು ಇಪ್ಪತ್ತಾರರಿಂದ ಗುಣಿಸುತ್ತಿದ್ದರು. ಎರಡನೇ ಸಾಲಿನ ಬಿಡಿಸ್ಥಾನದಲ್ಲಿ ಒಂದು ಇಂಟು ಗುರುತು ಹಾಕಿ, "ಇಲ್ಲಿ ಇದನ್ನ ಹಾಕ್ಲೇಬೇಕು, ಯಾಕೆ ಅಂತ ಕೇಳ್ಬೇಡಿ," ಎಂದರು. ಕೂಡಿದಾಗ ಎಂಟುನೂರ ಎಂಬತ್ನಾಲ್ಕು ಬಂತು. ಸೀಮೆಸುಣ್ಣ ಅಲ್ಲೇ ನಿಂತಿತು. ಒರೆಸುವಾಗ ಆರುನೂರು, ನೂರ ಎಂಬತ್ತು, ಎಂಬತ್ತು, ಇಪ್ಪತ್ನಾಲ್ಕು ಎಂದು ತುಂಬಿದ್ದ ಆ ನಾಲ್ಕು ಮನೆಗಳ ಕೆಳಗೆ ಅದೇ ಸಂಖ್ಯೆಯನ್ನು ಅವರು ಕಂಡಿದ್ದರು.

ಬಂದು ನೌರೀನಳ ಪಕ್ಕದಲ್ಲಿ ನೆಲದ ಮೇಲೇ ಕುಳಿತರು. "ಆ ಮನೆಗಳ್ನ ಇನ್ನೊಂದ್ಸಲ ಬರಿಯಮ್ಮ. ಎಲ್ರಿಗೂ ತೋರ್ಸಣ. ನಂಗೂ."

ನೌರೀನ್ ಬಳಪ ಎತ್ತಿಕೊಂಡು ಸುತ್ತ ಒಮ್ಮೆ ನೋಡಿದಳು. ಮೂವತ್ನಾಲ್ಕರ ಕೆಳಗೆ ಇಪ್ಪತ್ತಾರು ಬರೆದು ಗೆರೆ ಎಳೆದಳು. "ಬೇಡ ಟೀಚರ್, ನಿಮ್ ಥರಾನೇ ಮಾಡ್ತೀನಿ," ಎಂದವಳು, ಮೊದಲ ಸಾಲನ್ನು ಗುಣಿಸುವ ಮೊದಲೇ ಎರಡನೇ ಸಾಲಿನಲ್ಲಿ ಆ ಇಂಟು ಗುರುತನ್ನು ಒತ್ತಿ ಒತ್ತಿ ಬರೆದಳು.