ಐದನೆಯ ಹೆಸರು

ಲುಕ್ರೇಜಿಯಾಳ ಮನೆಯ ತಾರಸಿ ಮೆಟ್ಟಿಲು ಹತ್ತುವಾಗ ದೊನಾತಾ ಎರಡು ಸಲ ಗಡಿಯಾರ ನೋಡಿಕೊಂಡಳು. ಮಧ್ಯಾಹ್ನ ಹನ್ನೆರಡರೊಳಗೆ ವಿಶ್ವವಿದ್ಯಾಲಯಕ್ಕೆ ಹೂಂ ಅಥವಾ ಊಹೂಂ ಅನ್ನಬೇಕಿತ್ತು. ಪಿಎಚ್‌ಡಿಗೆ ಐದು ಜನರನ್ನು ಆರಿಸಿದ್ದರು. ಮೊದಲ ನಾಲ್ವರಿಗೆ ವಿದ್ಯಾರ್ಥಿವೇತನ. ಐದನೆಯವರಿಗೆ ಕೂತು ಓದಲು ಜಾಗವುಂಟು, ಕಾಸಿಲ್ಲ. ನಾಲ್ಕನೆಯ ಹೆಸರು ಲುಕ್ರೇಜಿಯಾಳದು, ಐದನೆಯದು ದೊನಾತಾಳದು.

ಲುಕ್ರೇಜಿಯಾಳಿಗೆ ಹಾಲೆಂಡಿನಿಂದಲೂ ಕರೆ ಬಂದಿತ್ತು. ಅವಳು ಅಲ್ಲಿಗೆ ಹೊರಟರೆ ಇಲ್ಲಿಯ ವೇತನ ಒಂದು ಮೆಟ್ಟಿಲು ಕೆಳಗಿಳಿದು ದೊನಾತಾಳ ಪಾಲಾಗುತ್ತಿತ್ತು. ಹೋಗ್ತೀನಿ ಹೋಗ್ತೀನಿ ಎಂದು ಬೇಸಿಗೆಯಿಡೀ ಊರಿಗೆಲ್ಲ ಹೇಳಿಕೊಂಡು ತಿರುಗಿದವಳು ಈ ವಾರ ಮಾತ್ರ ಫೋನ್ ಎತ್ತುತ್ತಿರಲಿಲ್ಲ. ಮನೆಗೇ ಹೋಗಿ ಕೇಳಲು ದೊನಾತಾಳಿಗೆ ನಾಚಿಕೆ. ಗೆಳತಿ ಯಾವಾಗ ಏಳುತ್ತಾಳೆ ಎಂದು ಅವಳ ಕುರ್ಚಿಯ ಹಿಂದೆ ನಿಂತು ಕಾದ ಹಾಗೆ. ಇತ್ತ ಪಕ್ಕದ ಊರಿನ ಶಾಲೆಯವರು ಮುಂದಿನ ಜೂನ್‌ವರೆಗೆ ವಿಜ್ಞಾನ ಪಾಠ ಮಾಡಲು ಕರೆದಿದ್ದರು. ಬರುವುದಿಲ್ಲ ಎಂದರೆ ಈ ವರ್ಷ ಮತ್ತೆ ಕರೆಯುವುದಿಲ್ಲ. ಶಾಲೆಯ ಕೆಲಸ ಹಿಡಿ ಎಂದು ಅಮ್ಮ ಬಾಯಿಬಿಟ್ಟು ಹೇಳಿರಲಿಲ್ಲ. ಮನೆಯಲ್ಲಿ ಯಾರೋ ಕಾಯಿಲೆ ಬಿದ್ದಿದ್ದಾರೆ ಎಂಬಂತೆ ಮೆಲ್ಲಗೆ ಮಾತಾಡುತ್ತಿದ್ದಳು, ಅಷ್ಟೆ. ದೊನಾತಾಳಿಗೆ ಅದೇ ಹೆಚ್ಚು ಭಯ ಹುಟ್ಟಿಸಿತ್ತು.

ತಾರಸಿಯ ಮೇಲೆ ಲುಕ್ರೇಜಿಯಾ ಅಂಜೂರದ ಹಣ್ಣು ಸೀಳಿ, ಜೊಂಡಿನ ಚಾಪೆಯ ಮೇಲೆ ಬಿಸಿಲಿಗೆ ಹರವುತ್ತಿದ್ದಳು. ಅಲ್ಲಿಂದ ನೋಡಿದರೆ ಸಮುದ್ರದವರೆಗೂ ರೋಗ ತಗುಲಿ ಒಣಗಿ ನಿಂತ ಆಲಿವ್ ಮರಗಳು, ಬೂದಿ ಬಣ್ಣಕ್ಕೆ ತಿರುಗಿ. ಕೂತ್ಕೋ, ಕೈ ಹಾಕು ಎಂದು ಅವಳು ಒಂದು ಚಾಕು ದಾಟಿಸಿದಳು. ಇಬ್ಬರೂ ಒಂದಷ್ಟು ಹಣ್ಣು ಸೀಳಿದರು. ನೊಣದ ಕಾಟದ ಮಾತಾಯಿತು, ಈ ಸಲದ ಸೆಖೆಯ ಮಾತಾಯಿತು. ಕೊನೆಗೆ ದೊನಾತಾ ತಲೆ ಎತ್ತದೆಯೇ ಕೇಳಿದಳು.

"ಹಾಲೆಂಡಿಗೆ ಯಾವಾಗ ಹೊರಡ್ತೀಯಾ?"

"ಹೊರಡಲ್ಲ ಕಣೇ. ಆಗಲ್ಲ ಅಂತ ಅವರಿಗೆ ಬರೆದುಬಿಟ್ಟೆ. ಇಲ್ಲೇ ಓದ್ತೀನಿ, ಮನೆಯಿಂದ ಓಡಾಡ್ಕೊಂಡು."

ಆಮೇಲೆ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿಕೊಂಡಳು. ಸೂಟ್‌ಕೇಸನ್ನು ಅಟ್ಟದಿಂದ ಇಳಿಸಿದ್ದಳಂತೆ, ಅದನ್ನು ನೋಡಿದಾಗಲೆಲ್ಲ ಎದೆ ಹೊಡೆದುಕೊಳ್ಳುತ್ತಿತ್ತಂತೆ. ಆಗಲ್ಲ ಎಂದು ಬರೆದ ದಿನ ಸೂಟ್‌ಕೇಸನ್ನು ಮತ್ತೆ ಮೇಲೆ ಹಾಕಿ ಹೊಟ್ಟೆ ತುಂಬ ಉಂಡಳಂತೆ. ನಿಂಗೆ ಮುಖ ತೋರಿಸೋಕಾಗದೆ ಫೋನ್ ಎತ್ತಲಿಲ್ಲ, ಬೈಯೋದಿದ್ರೆ ಬೈದುಬಿಡು ಎಂದಳು.

ದೊನಾತಾ ಸಿಟ್ಟು ಬರಲಿ ಎಂದು ಕಾದಳು. ಬರಲಿಲ್ಲ. ಬದಲಿಗೆ ವಾರದಿಂದ ಸಿಕ್ಕಿಕೊಂಡಿದ್ದ ಉಸಿರು ಸಲೀಸಾಗಿ ಆಡಿತು. ವೇತನ ಕೈತಪ್ಪಿತಲ್ಲ, ಇನ್ನು ಶಾಲೆಗೆ ಹೋದರೆ ಯಾರೂ ಏನೂ ಅನ್ನುವಂತಿಲ್ಲ. ಪಾಪ, ಓದೋ ಹುಡುಗಿ, ದುಡ್ಡಿರಲಿಲ್ಲ ಎನ್ನುತ್ತಾರೆ. ಸಂದರ್ಶನದಲ್ಲಿ ಆದದ್ದು ಯಾರಿಗೂ ಗೊತ್ತಾಗುವುದಿಲ್ಲ. ಸತ್ತ ತೋಪಿನ ನಡುವೆ ಒಂದೇ ಒಂದು ಆಲಿವ್ ಮರ ಹಸಿರಾಗಿ ನಿಂತಿದ್ದರೆ ಕಾರಣ ಹೇಗೆ ಹುಡುಕುತ್ತೀ ಎಂದು ಪ್ರೊಫೆಸರರೊಬ್ಬರು ಕೇಳಿದಾಗ ಅವಳ ಬಾಯಿ ಒಣಗಿ ನಾಲಿಗೆ ಹೊರಳಿರಲಿಲ್ಲ. ಇವಳಿಗೆ ಏನೂ ಬರೋದಿಲ್ಲ ಎಂದು ಒಂದಲ್ಲ ಒಂದು ದಿನ ಎಲ್ಲರ ಎದುರು ಬಯಲಾಗುತ್ತದೆ ಎಂಬ ದಿಗಿಲು ಅಂದಿನಿಂದ ಒಳಗೇ ಕೂತಿತ್ತು. ದುಡ್ಡು ಬಂದಿದ್ದರೆ ಹೋಗಲೇಬೇಕಾಗುತ್ತಿತ್ತು.

ಲುಕ್ರೇಜಿಯಾ ಅವಳ ಮುಖವನ್ನೇ ನೋಡುತ್ತಿದ್ದಳು.

"ನಿಂಗೆ ಖುಷಿಯಾಯ್ತು, ಅಲ್ವಾ?" ಎಂದಳು. ಕುಹಕವೇನೂ ಇರಲಿಲ್ಲ. "ನಂಗೂ ಥೇಟ್ ಹಿಂಗೇ ಆಗಿತ್ತು." ಪರದೇಶದಲ್ಲಿ ತನ್ನ ಊರಿನವರು ಸಿಕ್ಕಿದಂತೆ ನಕ್ಕಳು.

ಆ ನಗು ಕಂಡು ದೊನಾತಾಳ ಜೀವ ಝಲ್ಲೆಂದಿತು. ಕಾಸಿಲ್ಲದ ಮೂರು ವರ್ಷ ನೆನೆದಾಗಲೂ ಇಷ್ಟು ಹೆದರಿರಲಿಲ್ಲ. ಫೋನ್ ತೆಗೆದಳು. ಅಂಜೂರದ ಅಂಟಿಗೆ ಪರದೆ ಬೆರಳ ಮಾತು ಕೇಳಲಿಲ್ಲ. ಕೈಯನ್ನು ಲಂಗಕ್ಕೆ ಒರೆಸಿಕೊಂಡು ಮತ್ತೆ ಒತ್ತಿದಳು. ವಿಶ್ವವಿದ್ಯಾಲಯಕ್ಕೆ ಒಪ್ಪಿಗೆ ಹೋಯಿತು.

"ತಲೆ ನೆಟ್ಟಗಿದ್ಯಾ ನಿಂದು? ಮೂರು ವರ್ಷ ಹೊಟ್ಟೆಗೇನ್ ಮಾಡ್ತೀಯಾ?"

"ಗೊತ್ತಿಲ್ಲ. ಮನೆಪಾಠ ಹೇಳ್ತೀನಿ, ಹೋಟೆಲಲ್ಲಿ ತಟ್ಟೆ ಎತ್ತೀನಿ. ನಿಜವಾಗ್ಲೂ ಗೊತ್ತಿಲ್ಲ ಕಣೇ."

"ಮತ್ಯಾಕೆ ಒಪ್ಕೊಂಡೆ?"

"ಇವತ್ತು ಇದನ್ನ ಬಿಟ್ಕೊಟ್ರೆ, ಇನ್ಮೇಲೆ ಏನೇ ಕೈತಪ್ಪಿದ್ರೂ ನಂಗೆ ಹಿಂಗೇ ಖುಷಿಯಾಗುತ್ತೆ," ಎಂದಳು ದೊನಾತಾ.

ಲುಕ್ರೇಜಿಯಾ ಚಾಕು ಎತ್ತಿಕೊಂಡಳು, ಆದರೆ ಹಣ್ಣು ಸೀಳಲಿಲ್ಲ.

ಕಾರಿನಲ್ಲಿ ಕೂತ ದೊನಾತಾ ಕೀಲಿ ತಿರುಗಿಸುವ ಮೊದಲೇ ಅಮ್ಮನಿಗೆ ಫೋನ್ ಮಾಡಿದಳು.

"ಒಪ್ಕೊಂಡೆ ಅಮ್ಮಾ."

"ದುಡ್ಡು ಕೊಡ್ತಾರಂತಾ?"

"ಇಲ್ಲ."

ಆ ಕಡೆ ಅಡುಗೆಮನೆಯ ನಲ್ಲಿ ಸುರಿಯುವ ಸದ್ದು ಕೇಳುತ್ತಿತ್ತು. ಅಮ್ಮ ನಲ್ಲಿ ನಿಲ್ಲಿಸಿದಳು.

"ಭಯ ಆಗ್ತಿದ್ಯಾ?"

"ತುಂಬಾ."

"ಹಂಗಾದ್ರೆ ಕಾರು ನಿಧಾನಕ್ಕೆ ಓಡಿಸ್ಕೊಂಡು ಬಾ."