ಕೊರಳಲ್ಲೇ ಉಳಿದ ಟೇಪು

"ಟೇಪು ಬಿಡು ಚಿನ್ನಾ," ಎಂದು ಆಯಾ ಎಳೆದಷ್ಟೂ ಮಗುವಿನ ಮುಷ್ಟಿ ಬಿಗಿಯಾಯಿತು. ಬೆಳಗಿನ ಗಡಿಬಿಡಿಯಲ್ಲಿ ಟೈಲರಮ್ಮ ಅಳತೆಯ ಟೇಪನ್ನು ಕೊರಳಿಂದ ತೆಗೆಯದೆ ಶಿಶುವಿಹಾರಕ್ಕೆ ಬಂದುಬಿಟ್ಟಿದ್ದಳು. ಈಗ ಅದರ ತುದಿ ಹಿಡಿದ ಮಗು ಆಯಾಳ ಸೊಂಟದಿಂದ ಟೈಲರಮ್ಮನ ಕಡೆಗೇ ಬಗ್ಗಿ, ಸೂರು ಕಿತ್ತುಹೋಗುವ ಹಾಗೆ ಕಿರುಚುತ್ತಿತ್ತು.

ಟೈಲರಮ್ಮ ಅವಳನ್ನು ದತ್ತು ತಂದು ನಾಲ್ಕು ತಿಂಗಳಾಗಿತ್ತು. ಯಾರು ಕೈಚಾಚಿದರೂ ಹೋಗುವ ಮಗು. ಬಿಟ್ಟುಹೋದರೆ ತಿರುಗಿಯೂ ನೋಡುತ್ತಿರಲಿಲ್ಲ. "ಎಷ್ಟು ಒಳ್ಳೇ ಮಗು, ಒಂಚೂರೂ ಹಟ ಇಲ್ಲ," ಎಂದು ಜನ ಹೊಗಳಿದಾಗಲೆಲ್ಲ, ಇವಳಿಗೆ ನಾನೂ ಎಲ್ಲರ ಹಾಗೇ ಏನೋ ಎಂದುಕೊಳ್ಳುತ್ತಿದ್ದಳು ಟೈಲರಮ್ಮ.

"ಬೇಜಾರು ಮಾಡ್ಕೋಬೇಡಿ ಅಕ್ಕಾ, ಯಾವತ್ತೂ ಹೀಗೆ ಮಾಡಿರಲಿಲ್ಲ. ನೀವು ಹೊರಡಿ, ಸುಮ್ಮನಾಗ್ತಾಳೆ," ಎಂದಳು ಆಯಾ.

"ಹೊರಡೋದಾ? ಕೊಡ್ರೀ ಇಲ್ಲಿ!" ಟೈಲರಮ್ಮ ಮಗುವನ್ನು ಬಾಚಿ ಎತ್ತಿಕೊಂಡಳು. ಅಳು ಟಕ್ಕನೆ ನಿಂತಿತು. ನಂಬಿಕೆಯಾಗದೆ ಮತ್ತೆ ಆಯಾಳ ಕೈಗೆ ಕೊಟ್ಟು ನೋಡಿದಳು. ಮೊದಲಿಗಿಂತ ಜೋರಾಗಿ ಶುರುವಾಯಿತು! ಒಂದು ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತಾ ಇನ್ನೊಂದು ಕೈಯಲ್ಲಿ ಗಂಡನಿಗೆ ಫೋನ್ ಮಾಡಿದಳು.

"ಯಾರ ಮಗುನೇ ಅದು, ಹಾಗೆ ಅರಚ್ತಿರೋದು?" ಎಂದ ಗಂಡ.

"ನಮ್ಮದು ರೀ! ನಮ್ಮದು!"